ಹೆಸರು ಹಿಡಿದು

ಸ್ಪೇನಿನ ಆ ಆಸ್ಪತ್ರೆಯ ನರ್ಸು ಬೆಳಗಿನಿಂದ ಪ್ರತಿ ಪ್ರಶ್ನೆಗೂ ಒಂದು ‘ಸೆನ್ಯೋರ್’ ಸೇರಿಸಿ ಕೇಳುತ್ತಲೇ ಇದ್ದಳು. ಪ್ರಜ್ಞೆ ತಪ್ಪಿ ಮಲಗಿದ್ದ ಯಜಮಾನರು ಕದಲಲಿಲ್ಲ. “ರೀ, ಕೇಳಿಸ್ತಿದೆಯಾ?” ಎಂದು ಕೂಗಿ ಕೂಗಿ ಹೆಂಡತಿಯ ಗಂಟಲೂ ಕಟ್ಟಿತ್ತು.

ಅಲ್ಲೇ ನೆಲೆಸಿದ್ದ ಮಗಳು ಡಾಕ್ಟರ ಮಾತು ತಿಳಿಸಿದಳು. “ಸೆನ್ಯೋರೂ ಬೇಡ, ರೀನೂ ಬೇಡ. ಹೆಸರು ಹಿಡಿದು ಕರೀಬೇಕಂತಮ್ಮಾ.”

“ಅಯ್ಯೋ, ನಲವತ್ತು ವರ್ಷದಲ್ಲಿ ಒಂದು ದಿನ ಕರೆದವಳಲ್ಲ ಕಣೇ! ಮನೇಲಿ ಹಾಗೆ ಕರೀತಿದ್ದವರು ನಮ್ಮತ್ತೆ ಒಬ್ಬರೇ. ಅವರು ತೀರಿಕೊಂಡೇ ಹತ್ತು ವರ್ಷ ಆಯ್ತು.”

“ಬೇರೆ ದಾರಿಯಿಲ್ಲಮ್ಮಾ.”

ಅತ್ತೆ ಕರೆಯುತ್ತಿದ್ದ ರಾಗ ಬಿಟ್ಟರೆ ಅವಳಿಗೆ ಬೇರೆ ಗೊತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು ಕರೆದೇಬಿಟ್ಟಳು.

“ಶ್ರೀಕಂಠಾ...”

ಯಜಮಾನರ ಮುಖ ಅರಳಿತು.

“ಬಂದೆ ಕಣಮ್ಮಾ,” ಎಂದವರು ಮತ್ತೆ ಉಸಿರೆಳೆಯಲಿಲ್ಲ.