ಗೋಡೆಯಾಚೆಯ ಬಿಸಿನೀರು

ಅಪ್ಪಿಯಕ್ಕ ಪೊರಕೆಯ ಕಡ್ಡಿಯನ್ನು ಕೊಳವೆಯ ಬಾಯಿಗೆ ತೂರಿಸಿ ತಿರುವುತ್ತಿದ್ದಳು. ಕೆಳಗಿಟ್ಟ ಬಕೆಟ್ಟಿಗೆ ಒಂದು ಹನಿಯೂ ಬೀಳಲಿಲ್ಲ. ಅಂಬರನಾಥದ ಆ ರಾಸಾಯನಿಕ ಕಾರ್ಖಾನೆಯ ಹಬೆ ತಣಿದು ನೀರಾಗಿ, ಕೆಲವು ದಿನಗಳ ಹಿಂದಿನವರೆಗೂ ಈ ಕೊಳವೆಯಿಂದ ಹೊರಗೆ ಹರಿಯುತ್ತಿತ್ತು. ಕಾರ್ಖಾನೆಯ ಗೋಡೆಗೆ ಒತ್ತಿಕೊಂಡ ತನ್ನ ಪುಟ್ಟ ಹೋಟೆಲಿನ ಪಾತ್ರೆಗಳನ್ನು ಆಕೆ ತೊಳೆಯುತ್ತಿದ್ದುದು ಆ ಬಿಸಿನೀರಿನಲ್ಲೇ.

"ನೋಡು ನಿಕಿತಾ, ಸೋಮವಾರದಿಂದ ಬ್ಲಾಕ್ ಆಗಿದೆ ಮಾರಾಯ್ತಿ. ತಣ್ಣೀರು ಮುಟ್ಟಿದ್ರೆ ಈ ಬೆರಳು ಮಡಚ್ಲಿಕ್ಕೇ ಆಗುದಿಲ್ಲ," ಎಂದು ಊದಿದ ಗಂಟುಗಳನ್ನು ತೋರಿಸಿದಳು. "ನಿಮ್ಮ ಸಾಹೇಬ್ರಿಗೆ ಹೇಳು. ನೀನು ಅಲ್ಲಿಯ ಇಂಜಿನಿಯರ್ ಅಲ್ವಾ, ನೀನು ಹೇಳಿದ್ರೆ ಕೇಳ್ತಾರೆ."

ನಿಕಿತಾಳ ಕೈಯಲ್ಲಿದ್ದ ಚಹಾ ಆರುತ್ತಿತ್ತು. ಆ ನೀರನ್ನು ಬಾಯ್ಲರಿಗೇ ಮರಳಿಸಿ ಇಂಧನ ಉಳಿಸುವ ವಿನ್ಯಾಸ ಅವಳದೇ. ಹೊರಗೆ ಹರಿಯುವ ನೀರನ್ನು ಯಾರಾದರೂ ಬಳಸುತ್ತಾರೆಯೇ ಎಂದು ಕಾರ್ಖಾನೆಯ ಸಭೆಯಲ್ಲಿ ಮೇಲಧಿಕಾರಿಗಳು ಕೇಳಿದ್ದರು. ದಿನವೂ ಈ ಬಕೆಟ್ಟನ್ನು ಕಂಡಿದ್ದರೂ, ಯೋಜನೆ ತಡವಾದೀತೆಂದು, "ಇಲ್ಲ, ವ್ಯರ್ಥವಾಗುತ್ತಿದೆ" ಎಂದುಬಿಟ್ಟಿದ್ದಳು. ಸೋಮವಾರ ಈ ಕೊಳವೆಯೊಳಗೆ ಉಕ್ಕಿನ ಬಿಲ್ಲೆ ಕೂರಿಸಿ ಮುಚ್ಚುವಾಗ ಪಕ್ಕದಲ್ಲೇ ನಿಂತು ಪರೀಕ್ಷಿಸಿದ್ದಳು.

"ನಿನ್ನ ಕೈಗೆ ಬಲ ಉಂಟು, ನೀನೊಮ್ಮೆ ನೋಡು," ಎಂದು ಅಪ್ಪಿಯಕ್ಕ ಕಡ್ಡಿಯನ್ನು ಅವಳಿಗೆ ಕೊಟ್ಟಳು.

ನಿಕಿತಾ ಲೋಟ ಕೆಳಗಿಟ್ಟು, ಬಾಗಿ, ಕಡ್ಡಿಯನ್ನು ಒಳಕ್ಕೆ ತಳ್ಳಿದಳು. ಅದರ ತುದಿ ಬಿಲ್ಲೆಗೆ ತಾಗಿತು.

"ಕಸ ಸಿಕ್ಕಿತಾ?"

"ಸಿಕ್ಕಿತು ಅಕ್ಕ," ಎಂದು ಅವಳು ಇನ್ನೂ ಜೋರಾಗಿ ತಿವಿಯತೊಡಗಿದಳು.