ರೆಂಜೆ ಮರದ ನಿದ್ದೆ

ಮಂಗಳೂರಿನ ಬಸ್‌ಸ್ಟ್ಯಾಂಡಿನ ಹಿಂದಿರುವ ಆ ಪುಟ್ಟ ಕಾಡಿಗೆ ಟಿಕೇಟಿಲ್ಲ. ದಿನದ ಪಾಲಿನ ನೀರಿನಲ್ಲಿ ಒಂದು ಚೊಂಬು ಉಳಿಸಿ ತಂದರೆ ಒಳಗೆ ಬಿಡುತ್ತಾರೆ. ಇರುವುದು ಹದಿನೇಳು ಮರ. ಎಲೆ ಉದುರಿ ಒಂಬತ್ತು ವರ್ಷವಾಯಿತು. ‘ಮರಗಳು ಮಲಗಿವೆ, ಸದ್ದು ಮಾಡಬೇಡಿ’ ಎಂದು ಗೇಟಿನಲ್ಲಿ ಬೋರ್ಡಿದೆ. ಜನ ಚಪ್ಪಲಿ ಕಳಚಿಟ್ಟು, ಪಿಸುಮಾತಿನಲ್ಲೇ ಸಾಲು ನಿಲ್ಲುತ್ತಾರೆ.

ವಾರಿಜಕ್ಕ ನಿಲ್ಲುವುದು ರೆಂಜೆ, ಅಂದರೆ ಬಕುಳ ಮರದ ಸಾಲಿನಲ್ಲಿ. ಪ್ರತಿ ಭಾನುವಾರ ಬುಡಕ್ಕೆ ನೀರು ಹೊಯ್ದು, “ಏಳು ಮಗಾ, ಮಲಗಿದ್ದು ಸಾಕು” ಎನ್ನುತ್ತಾಳೆ. ಮರವನ್ನು ಮುಟ್ಟುವ ಹಾಗಿಲ್ಲ. ಈ ಭಾನುವಾರ ಕಾವಲಿನ ದೂಮಣ್ಣ ಆಚೆ ತಿರುಗಿದ್ದ. ಜೀವವಿರುವ ಮರದ ತೊಗಟೆ ಕೆರೆದರೆ ಒಳಗೆ ಹಸಿರು ಕಾಣಬೇಕೆಂದು, ಹಿಂದೆ ನರ್ಸರಿಯಲ್ಲಿ ದುಡಿದಿದ್ದ ಅವಳಿಗೆ ಗೊತ್ತು. ತಡೆಯಲಾರದೆ ಉಗುರು ಹಾಕಿದಳು.

ಕಂದು ಪುಡಿ ಉದುರಿತು. ಇನ್ನಷ್ಟು ಆಳಕ್ಕೆ ಕೆರೆದಳು. ಅಲ್ಲೂ ಪುಡಿಯೇ.

ಯಾರಾದರೂ ನೋಡಿಬಿಟ್ಟರೆ ಎಂದು ಗಾಬರಿಯಾಗಿ, ಬುಡದ ಒದ್ದೆ ಮಣ್ಣು ತೆಗೆದು ಆ ಗಾಯಕ್ಕೆ ಮೆತ್ತಿದಳು. ಆಗ ಕಣ್ಣಿಗೆ ಬಿತ್ತು. ಕಾಂಡದ ಸುತ್ತಲೂ, ಒಬ್ಬೊಬ್ಬರ ಕೈಯೆತ್ತರದಲ್ಲಿ, ಹೀಗೇ ಮೆತ್ತಿ ಒಣಗಿದ ಮಣ್ಣಿನ ಬೊಟ್ಟುಗಳು. ಎಷ್ಟೋ ಇದ್ದವು. ಒಂದೆರಡು ಮಕ್ಕಳ ಎತ್ತರಕ್ಕೂ ಇದ್ದವು.

“ಹೇಗುಂಟು ಅಕ್ಕ?” ಚೊಂಬು ಹಿಡಿದು ಹಿಂದೆ ನಿಂತಿದ್ದ ಹೆಂಗಸು ಪಿಸುಗುಟ್ಟಿದಳು. ಅವಳ ದೃಷ್ಟಿ ವಾರಿಜಕ್ಕನ ಮಣ್ಣಾದ ಉಗುರುಗಳ ಮೇಲಿತ್ತು.

ವಾರಿಜಕ್ಕ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ಒಳ್ಳೆ ನಿದ್ದೆ ಮಾರಾಯ್ತಿ,” ಎಂದಳು. “ನೀನು ಮೆಲ್ಲ ಹೊಯ್ಯಿ.”