ಬಾಯಿ ಬಿಡುವ ಮೀನುಗಳು

"ನೋಡಿ ಬೀಗರೇ, ನನ್ನನ್ನ ಕಂಡ್ರೆ ಹೇಗೆ ಬಾಯಿ ಬಿಟ್ಕೊಂಡು ಬರ್ತವೆ!" ಬೆಳ್ಳಂಬೆಳಗ್ಗೆ ಮಾವ ಹಿತ್ತಿಲ ಕೊಳಕ್ಕೆ ಇನ್ನೊಂದು ಹಿಡಿ ಮೀನಿನ ಆಹಾರ ಎರಚಿದರು. "ಇದನ್ನ ನೋಡ್ಕೊಳ್ಳೋಕೂ ಕ್ಲಾಸಂತೆ! ನಿಮ್ಮ ಮಗಳು ಕೊಳ ಇರೋರಿಗೆಲ್ಲ ಪಾಠ ಮಾಡ್ತಾಳೆ, ನನ್ನನ್ನೂ ಕರೀತಾಳೆ." ಬೀಗರು ನಕ್ಕರು.

ಸೊಸೆ ನಗಲಿಲ್ಲ. "ಸಾಕು ಮಾವ, ಹಾಕಬೇಡಿ. ಅವು ಊಟಕ್ಕೆ ಬಾಯಿ ಬಿಡ್ತಿಲ್ಲ. ನೀವು ಹಾಕಿದ್ದೆಲ್ಲ ತಳದಲ್ಲಿ ಕೊಳೀತಿದೆ, ನೀರಲ್ಲಿ ಗಾಳಿನೇ ಇಲ್ಲ. ಉಸಿರಾಡೋಕೆ ಒದ್ದಾಡ್ತಿವೆ."

ಮಾವ ಬಗ್ಗಿ ನೋಡಿದರು. ಎರಚಿದ ಕಾಳು ಮೀನುಗಳ ಬಾಯಿಯ ಪಕ್ಕದಲ್ಲೇ ತೇಲುತ್ತಿತ್ತು, ಒಂದೂ ಮುಟ್ಟಿರಲಿಲ್ಲ. ಬೇಸಿಗೆಯಿಡೀ ಮನೆಗೆ ಬಂದವರಿಗೆಲ್ಲ ಅವರು ಹೆಮ್ಮೆಯಿಂದ ತೋರಿಸಿದ್ದು ಈ ತೆರೆದ ಬಾಯಿಗಳನ್ನೇ. ಮುಷ್ಟಿಯಲ್ಲಿ ಉಳಿದಿದ್ದ ಕಾಳನ್ನು ಬೀಗರಿಗೆ ಕಾಣದಂತೆ ಜೇಬಿಗೆ ಸುರಿದುಕೊಂಡು, ತಲೆ ಎತ್ತದೆ ಕೇಳಿದರು: "ಈಗೇನು ಮಾಡ್ಲಿ? ಹೇಳಿಕೊಡಮ್ಮಾ."